ನೆನಪು ಕಳೆದುಕೊಂಡ ಇಬ್ಬರ ಜೊತೆ ಒಂದು ಮಳೆಗಾಲ

ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆಯ ಬೋಟುಗಳಿಗೆ ರಜೆ. ಆ 61 ದಿನ ಅಪ್ಪ ಜಗಲಿಯಲ್ಲಿ ಕೂತು ಹರಿದ ಬಲೆ ಸರಿಮಾಡುತ್ತಾರೆ, ನಾನು ಶಾಲೆ ಬಿಟ್ಟು ಬಂದು ಪಕ್ಕದಲ್ಲೇ ಓದುತ್ತೇನೆ. ಈ ಸಲ ಓದಿದ್ದು ಆಂಡಿ ವಿಯರ್ ಅವರ ‘ಪ್ರಾಜೆಕ್ಟ್ ಹೇಲ್ ಮೇರಿ’ (2021) ಮತ್ತು ಸುಸಾನಾ ಕ್ಲಾರ್ಕ್ ಅವರ ‘ಪಿರನೇಸಿ’ (2020). ಮೊದಲಿನದು ವಿಜ್ಞಾನ ಕಾದಂಬರಿ, ಎರಡನೆಯದು ಫ್ಯಾಂಟಸಿ. ಎರಡರಲ್ಲೂ ನಾಯಕನಿಗೆ ತಾನು ಯಾರೆಂಬುದು ಮರೆತಿದೆ. ಒಬ್ಬನಿಗೆ ಮರೆತದ್ದು ಗೊತ್ತಿದೆ, ಇನ್ನೊಬ್ಬನಿಗೆ ಅದೂ ಗೊತ್ತಿಲ್ಲ.

‘ಹೇಲ್ ಮೇರಿ’ಯ ಗ್ರೇಸ್ ನನ್ನ ಹಾಗೆಯೇ ವಿಜ್ಞಾನದ ಮೇಷ್ಟ್ರು. ಕಣ್ಣುಬಿಟ್ಟಾಗ ಎಲ್ಲಿದ್ದೇನೆಂದು ತಿಳಿಯದು. ವಸ್ತು ಬೀಳುವ ಹೊತ್ತು ಅಳೆದು, ಅದರ ವೇಗ ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 15 ಮೀಟರಿನಷ್ಟು ಏರುತ್ತಿದೆ, ಅಂದರೆ ಗುರುತ್ವ 15 ಎಂದು ಕಂಡುಕೊಳ್ಳುತ್ತಾನೆ, ಭೂಮಿಯಲ್ಲಾದರೆ 9.8. ಆಮೇಲೆ ಲೋಲಕ ತೂಗುಹಾಕಿ ನೋಡುತ್ತಾನೆ. ಮರುದಿನವೇ ಒಂಬತ್ತನೇ ಕ್ಲಾಸಿನಲ್ಲಿ ಒಂದು ಮೀಟರ್ ದಾರಕ್ಕೆ ನಟ್ಟು ಕಟ್ಟಿ ಓಲಾಡಿಸಿದೆ. ಹತ್ತು ಓಲಾಟಕ್ಕೆ 20 ಸೆಕೆಂಡು. ಗ್ರೇಸ್ ಇದ್ದಲ್ಲಿ ಎಷ್ಟಾಗುತ್ತಿತ್ತು ಎಂದು ಕೇಳಿದ್ದೇ ತಡ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಲೆಕ್ಕ ಹಾಕಿ “16 ಸರ್” ಎಂದಳು. ಆ ಒಂದು ಪೀರಿಯಡ್‌ಗಾಗಿಯೇ ಈ ಪುಸ್ತಕಕ್ಕೆ ನಾನು ಋಣಿ. ಸ್ವರಗಳಲ್ಲೇ ಮಾತಾಡುವ ರಾಕಿ ಎಂಬ ಅನ್ಯಲೋಕದ ಜೀವಿಯ ಸ್ನೇಹ ಬೇರೆ ಇದೆ. ಆದರೆ ಒಂದು ತೊಡಕು ಬಿಚ್ಚಿತೋ ಇಲ್ಲವೋ ಇನ್ನೊಂದು ಬಂದು ನಿಲ್ಲುತ್ತದೆ. ನೆನಪೂ ಕಥೆಗೆ ಬೇಕಾದ ಹೊತ್ತಿಗೆ ಸರಿಯಾಗಿ ಮರಳುತ್ತದೆ. ಮುನ್ನೂರು ಪುಟ ದಾಟುವಾಗ ಇದು ನನಗೆ ದಣಿವು ತಂದಿತು.

‘ಪಿರನೇಸಿ’ಯ ಶುರು ಕಷ್ಟ. ಮೂರನೇ ಉತ್ತರ ಸಭಾಂಗಣ, ಒಂಬತ್ತನೇ ಮೊಗಸಾಲೆ ಎಂದು ಹೆಸರುಗಳ ಸಾಲು; ನನ್ನ ಸ್ನೇಹಿತರೊಬ್ಬರು ಅಲ್ಲಿಗೇ ಮಡಚಿಟ್ಟರು. ಕೊನೆಯಿಲ್ಲದ ಆ ಮನೆಯೊಳಗೆ ಕಡಲಿದೆ. ಉಬ್ಬರದ ನೀರು ಮೆಟ್ಟಿಲು ಹತ್ತಿ ಬರುತ್ತದೆ. ನಾಯಕ ಅದರ ಲೆಕ್ಕ ಬರೆದಿಡುತ್ತಾನೆ, ಮೀನು ತಿನ್ನುತ್ತಾನೆ, ಕಡಲಪಾಚಿ ಒಣಗಿಸಿ ಉರುವಲು ಮಾಡುತ್ತಾನೆ. ಎಂಟು ವರ್ಷಕ್ಕೊಮ್ಮೆ ಮೂರು ಉಬ್ಬರ ಒಟ್ಟಿಗೆ ಸೇರುವುದನ್ನು ನೋಡಲು ಹೋಗುವಲ್ಲಿಂದಲೇ ಕಥೆ ಶುರು. ಇದನ್ನು ಅಪ್ಪನಿಗೆ ತುಳುವಿನಲ್ಲಿ ಹೇಳಿದೆ. ತಿಥಿ ನೋಡಿ ನೀರು ಏರುವ ಹೊತ್ತು ಹೇಳುವವರು ಅವರು. ಬಲೆಯ ಕಣ್ಣಿನಿಂದ ಸೂಜಿ ಎಳೆದು, “ಹಾಗಾದರೆ ಅವ ಕಡಲು ಗೊತ್ತಿದ್ದವನೇ” ಎಂದರು.

ಮುಂದೆ ಎರಡು ಆಲ್ಬಟ್ರಾಸ್ ಹಕ್ಕಿಗಳು ಗೂಡು ಕಟ್ಟಲು ಬರುತ್ತವೆ. ತಾನು ಕೆಲವು ದಿನ ಚಳಿಯಲ್ಲಿ ನಡುಗಬೇಕಾದೀತೆಂದು ಗೊತ್ತಿದ್ದೂ ನಾಯಕ ಒಣಗಿಸಿಟ್ಟ ಪಾಚಿಯನ್ನು ಅವಕ್ಕೆ ಕೊಡುತ್ತಾನೆ. ಅಲ್ಲಿ ಪುಸ್ತಕ ಕೆಳಗಿಟ್ಟು ಮಳೆ ನೋಡುತ್ತಾ ಕೂತೆ. ಅವನು ದಿನದಿನವೂ ನೋಡಿ, ಬರೆದು, ಕಾಯುವುದೂ ವಿಜ್ಞಾನವೇ. ಮೇಷ್ಟ್ರಾದ ನನಗೆ ಇದು ಫ್ಯಾಂಟಸಿಯಲ್ಲಿ ಸಿಕ್ಕಿತು.

ಹಾಗಾಗಿ ನನ್ನ ಓಟು ‘ಪಿರನೇಸಿ’ಗೆ. 2021ರಲ್ಲಿ ಅದಕ್ಕೆ, ಲೇಖಕಿಯರ ಇಂಗ್ಲಿಷ್ ಕಾದಂಬರಿಗೆ ಕೊಡುವ ವಿಮೆನ್ಸ್ ಪ್ರೈಜ್ ಬಂದದ್ದು ನ್ಯಾಯವೇ. ಎಂದೂ ವಿಜ್ಞಾನ ಕಥೆ ಓದದವರಿಗೆ, ಹೈಸ್ಕೂಲು ಮಕ್ಕಳಿಗೆ ಮಾತ್ರ ‘ಹೇಲ್ ಮೇರಿ’ಯನ್ನೇ ಮೊದಲು ಕೊಡುತ್ತೇನೆ. ನನ್ನ ಪ್ರತಿ ಈಗ 16 ಎಂದು ಹೇಳಿದ ಹುಡುಗಿಯ ಚೀಲದಲ್ಲಿದೆ. ‘ಪಿರನೇಸಿ’ಯ ಉಳಿದ ಕಥೆಯನ್ನು ಅಪ್ಪನಿಗೆ ದಿನಕ್ಕಿಷ್ಟು ಹೇಳುತ್ತಿದ್ದೇನೆ, ಬೋಟು ಇಳಿಯುವುದರೊಳಗೆ ಮುಗಿಸಬೇಕು.