ಎಲಿಫೆಂಟಾನಾ, ಕಾನ್ಹೇರಿಯಾ? ಇರಾನಿ ಚಹಾನಾ, ಮಾಟುಂಗಾದ ಊಟಾನಾ?

ಊರಿಂದ ಮುಂಬೈಗೆ ಬರುವ ನೆಂಟರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಒಂದು ಬಿಡುವಿನ ದಿನ. ಮದುವೆಗೋ, ಆಸ್ಪತ್ರೆ ಕೆಲಸಕ್ಕೋ, ಮಗಳ ಬಾಣಂತನಕ್ಕೋ ಬಂದಿರುತ್ತಾರೆ. ಆ ಒಂದು ದಿನಕ್ಕೆ ಇಲ್ಲಿರುವ ನಮ್ಮವರೆಲ್ಲ ಹೇಳುವುದು ಒಂದೇ: ಗೇಟ್‌ವೇ ನೋಡಿ, ತಾಜ್ ಮುಂದೆ ಫೋಟೋ ತೆಗೆಸಿಕೊಳ್ಳಿ, ದೋಣಿ ಹತ್ತಿ ಎಲಿಫೆಂಟಾಕ್ಕೆ ಹೋಗಿ ಬನ್ನಿ. ನಾನೂ ಬಹಳ ಕಾಲ ನೆಂಟರನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದೆ. ಆಮೇಲೆ ಬೋರಿವಲಿಯ ಕಾಡಿನೊಳಗಿರುವ ಕಾನ್ಹೇರಿ ಗುಹೆಗಳನ್ನು ತೋರಿಸಿ, ಮಧ್ಯಾಹ್ನ ದಕ್ಷಿಣದವರ ಹೋಟೆಲುಗಳಿರುವ ಮಾಟುಂಗಾದಲ್ಲಿ ಊಟ ಮಾಡಿಸುವುದು ಶುರುವಾಯಿತು. ಚಿಕ್ಕ ಮಕ್ಕಳು, ಕಾಲೇಜು ಹುಡುಗರು, ಮಂಡಿ ನೋವಿನ ಅತ್ತೆ, ಮಾವ ಎಲ್ಲರ ಜೊತೆಯೂ ಎರಡೂ ಕಡೆ ಓಡಾಡಿದ್ದೇನೆ. ಕರ್ನಾಟಕದಿಂದ ಬಂದವರಿಗೆ ಒಂದೇ ದಿನ ಇದ್ದರೆ ಕಾನ್ಹೇರಿ ಮತ್ತು ಮಾಟುಂಗಾ ಎಂದು ಈಗ ಧೈರ್ಯವಾಗಿ ಹೇಳುತ್ತೇನೆ. ಎಲ್ಲರಿಗೂ ಇದು ಒಪ್ಪಿಗೆಯಾಗಲಿಕ್ಕಿಲ್ಲ, ಅದಕ್ಕೇ ಕಾರಣಗಳನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೊದಲು ಎಲಿಫೆಂಟಾ. ಗೇಟ್‌ವೇಯಿಂದ ದೋಣಿ ಹೊರಟರೆ ದ್ವೀಪ ಸೇರಲು ಸುಮಾರು ಒಂದು ಗಂಟೆ. ಸಮುದ್ರ ನೋಡದ ಬಯಲುಸೀಮೆಯವರಿಗೆ ಈ ಒಂದು ಗಂಟೆಯೇ ದೊಡ್ಡ ಖುಷಿ. ಗೇಟ್‌ವೇ, ತಾಜ್ ಎರಡೂ ನಿಧಾನವಾಗಿ ಹಿಂದೆ ಸರಿಯುತ್ತವೆ, ನೌಕಾಪಡೆಯ ಹಡಗುಗಳು, ಸರಕು ಹಡಗುಗಳು ಕಾಣುತ್ತವೆ. ಲೈಫ್ ಜಾಕೆಟ್ ಹಾಕಿಕೊಳ್ಳದೆ ಕೂರಬೇಡಿ, ಮಕ್ಕಳಿಗೂ ಹಾಕಿಸಿ. 2024ರ ಡಿಸೆಂಬರ್‌ನಲ್ಲಿ ಇದೇ ದಾರಿಯ ಒಂದು ದೋಣಿಗೆ ನೌಕಾಪಡೆಯ ಸ್ಪೀಡ್‌ಬೋಟ್ ಗುದ್ದಿ ಜನ ಸತ್ತಿದ್ದಾರೆ. ಸೆಕೆ ಆಗುತ್ತೆ ಅಂತ ಜಾಕೆಟ್ ಬಿಚ್ಚಿಡುವುದು ಬೇಡವೇ ಬೇಡ.

ದ್ವೀಪದಲ್ಲಿ ಇಳಿದ ಮೇಲೆ ಪುಟ್ಟ ರೈಲು, ಅದಾದ ಮೇಲೆ ನೂರಕ್ಕೂ ಹೆಚ್ಚು ಮೆಟ್ಟಿಲು. ಎರಡೂ ಬದಿಯಲ್ಲಿ ಸರ, ಟೋಪಿ, ಕಲ್ಲಿನ ಗೊಂಬೆಗಳ ಅಂಗಡಿಗಳು. ಹತ್ತಲಾಗದವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತೊಯ್ಯುವವರು ಇದ್ದಾರೆ.

ಮೇಲೆ ನೋಡಬೇಕಾದದ್ದು ಮುಖ್ಯವಾಗಿ ಒಂದೇ ಗುಹೆ. ಆದರೆ ಅದು ಎಂಥ ಗುಹೆ! 6ನೇ ಶತಮಾನದಲ್ಲಿ ಕೊರೆದದ್ದು. ರಾವಣ ಕೈಲಾಸ ಎತ್ತುವುದು, ಅಂಧಕಾಸುರನ ವಧೆ, ಗಂಗಾಧರ, ಅರ್ಧನಾರೀಶ್ವರ, ಶಿವ ಪಾರ್ವತಿಯರ ಮದುವೆ, ಒಂದೊಂದೂ ಗೋಡೆ ತುಂಬುವಷ್ಟು ದೊಡ್ಡದು. ನಡುವೆ ಕತ್ತಲಿನಲ್ಲಿ ಮೂರು ಮುಖದ ಸದಾಶಿವ, ಹೆಚ್ಚುಕಡಿಮೆ 20 ಅಡಿ ಎತ್ತರ. ಹೊರಗಿನ ಬಿಸಿಲಿನಿಂದ ಒಳಗೆ ಬಂದು ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ನೆ ನಿಲ್ಲಬೇಕು. ಆಗ ಮೊದಲು ನಡುವಿನ ಮುಖ ಕಾಣುತ್ತದೆ, ಆಮೇಲೆ ಪಕ್ಕದ ಉಗ್ರ ಮುಖ, ಕೊನೆಗೆ ಇನ್ನೊಂದು ಬದಿಯ ಸೌಮ್ಯ ಮುಖ. ಇದಕ್ಕೆ ಸರಿಸಾಟಿಯಾದ ಒಂದೇ ಒಂದು ಮೂರ್ತಿ ಕಾನ್ಹೇರಿಯಲ್ಲಿ ಇಲ್ಲ. ಬಾದಾಮಿ ನೋಡಿದವರಿಗೆ ಇಲ್ಲಿ ಇನ್ನೊಂದು ಖುಷಿ ಇದೆ. ಬಾದಾಮಿಯ ಮೂರನೇ ಗುಹೆ 578ರದ್ದು, ಅಂದರೆ ಎರಡೂ ಹತ್ತಿರ ಹತ್ತಿರದ ಕಾಲದವು. ಅಲ್ಲಿ ಕೆಂಪು ಮರಳುಗಲ್ಲು, ಇಲ್ಲಿ ಕಪ್ಪು ಬಸಾಲ್ಟ್. ಇಮ್ಮಡಿ ಪುಲಿಕೇಶಿ ನೂರಾರು ಹಡಗುಗಳಿಂದ ಪುರಿ ಎಂಬ ಊರಿಗೆ ಮುತ್ತಿಗೆ ಹಾಕಿದ ಎಂದು ಐಹೊಳೆ ಶಾಸನ ಹೇಳುತ್ತದೆ. ಆ ಪುರಿ ಎಲಿಫೆಂಟಾ, ಅಂದರೆ ಈ ಘಾರಾಪುರಿ ದ್ವೀಪವೇ ಎನ್ನುವ ವಿದ್ವಾಂಸರೂ ಇದ್ದಾರೆ. ಈ ಮಾತು ಹೇಳಿದರೆ ನಮ್ಮ ಬಾಗಲಕೋಟೆ ಕಡೆಯವರ ಮುಖ ಅರಳುತ್ತದೆ.

ತೊಂದರೆ ಏನೆಂದರೆ ದಿನದ ಸಿಂಹಪಾಲು ದೋಣಿಗೆ, ಸಾಲಿಗೆ, ಮೆಟ್ಟಿಲಿಗೆ ಹೋಗುತ್ತದೆ. ಗುಹೆಯ ಮುಂದೆ ನಿಲ್ಲುವ ಹೊತ್ತಿಗೆ ಅರ್ಧ ಜನ ಸುಸ್ತು. ರಜಾ ದಿನಗಳಲ್ಲಿ ಸದಾಶಿವನ ಮುಂದೆ ಸೆಲ್ಫಿಯವರ ಗುಂಪು ಕರಗುವುದೇ ಇಲ್ಲ. ಮಳೆಗಾಲದಲ್ಲಿ ಕಡಲು ಏರಿದರೆ ದೋಣಿಯನ್ನೇ ನಿಲ್ಲಿಸುತ್ತಾರೆ.

ಈಗ ಕಾನ್ಹೇರಿ. ಪಶ್ಚಿಮ ರೈಲ್ವೆಯ ಬೋರಿವಲಿಯಲ್ಲಿ ಪೂರ್ವಕ್ಕೆ ಇಳಿದು ರಿಕ್ಷಾ ಹಿಡಿದರೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಬಾಗಿಲು. ಅಲ್ಲಿಂದ ಗುಹೆಗಳು ಇನ್ನೂ ಆರೇಳು ಕಿಲೋಮೀಟರ್ ಕಾಡಿನೊಳಗೆ, ಉದ್ಯಾನದ ಬಸ್ಸಿನಲ್ಲಿ ಹೋಗಬಹುದು. ನೂರು ಚದರ ಕಿಲೋಮೀಟರಿಗೂ ದೊಡ್ಡ ಈ ಕಾಡಿನಲ್ಲಿ ಚಿರತೆಗಳಿವೆ, ಸುತ್ತಲೂ ಮಹಾನಗರ. ಇದನ್ನು ಕೇಳಿದರೇ ಮಕ್ಕಳು ಕಿಟಕಿ ಪಕ್ಕದ ಸೀಟಿಗೆ ಜಗಳ ಆಡುತ್ತಾರೆ. ಬೆಳಿಗ್ಗೆ ಹೊತ್ತು ಲೋಕಲ್‌ನಲ್ಲಿ ಜನ ಚರ್ಚ್‌ಗೇಟ್ ಕಡೆ ನುಗ್ಗುತ್ತಾರೆ, ನಾವು ದಾದರ್‌ನಿಂದ ಎದುರು ದಿಕ್ಕಿಗೆ ಹೋಗುವವರು. ಹಾಗಾಗಿ ಲಗೇಜಿಲ್ಲದ ನೆಂಟರನ್ನು ಮೊದಲ ಸಲ ಲೋಕಲ್ ಹತ್ತಿಸಲು ಇದು ಒಳ್ಳೆಯ ದಾರಿ.

ಇಲ್ಲಿ ಗುಹೆಗಳು ನೂರಕ್ಕೂ ಜಾಸ್ತಿ. ಕ್ರಿಸ್ತಪೂರ್ವ 1ನೇ ಶತಮಾನದಿಂದ ಕ್ರಿಸ್ತಶಕ 10ನೇ ಶತಮಾನದವರೆಗೆ ಬೌದ್ಧ ಭಿಕ್ಷುಗಳು ಒಂದೇ ಬೆಟ್ಟದಲ್ಲಿ ಬಾಳಿದ ಜಾಗ. ಬಾಗಿಲ ಹತ್ತಿರವೇ ಇರುವ ಮೂರನೇ ಗುಹೆ ದೊಡ್ಡ ಚೈತ್ಯ, ಅಂದರೆ ಬೌದ್ಧರ ಪ್ರಾರ್ಥನಾ ಮಂದಿರ. ಕಂಬಗಳ ಸಾಲು, ತುದಿಯಲ್ಲಿ ಸ್ತೂಪ, ಹೊರಗಿನ ಮೊಗಸಾಲೆಯ ಎರಡು ಕೊನೆಯಲ್ಲಿ ಎತ್ತರದ ಬುದ್ಧರು. ಮಂಡಿ ನೋವಿನವರು ಇಷ್ಟನ್ನು ನೋಡಿ ಮರದ ಕೆಳಗೆ ಕೂತರೂ ಬಂದದ್ದು ಸಾರ್ಥಕ. ಮೇಲೆ ಹತ್ತುವವರಿಗೆ ಕಾನ್ಹೇರಿ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಪುಟ್ಟ ಪುಟ್ಟ ಕೋಣೆಗಳು, ಮಲಗಲು ಕಲ್ಲಿನ ಜಗಲಿ, ಗುಹೆಯ ಪಕ್ಕದಲ್ಲೇ ಕೊರೆದ ನೀರಿನ ತೊಟ್ಟಿ, ಬಂಡೆಯ ಮೇಲಿನ ಮಳೆನೀರನ್ನು ತೊಟ್ಟಿಗೆ ಇಳಿಸುವ ಸಣ್ಣ ಕಾಲುವೆಗಳು. ಎಲಿಫೆಂಟಾದಲ್ಲಿ ನೀವು ದೇವರ ಮುಂದೆ ನಿಲ್ಲುತ್ತೀರಿ. ಇಲ್ಲಿ ಒಂದು ಊರಿನೊಳಗೆ ಓಡಾಡುತ್ತೀರಿ. ಭಿಕ್ಷು ಎಲ್ಲಿ ಮಲಗಿದ, ಎಲ್ಲಿ ನೀರು ಮೊಗೆದ, ಎಲ್ಲಿ ಕೂತು ಪಾಠ ಕೇಳಿದ ಎಂದು ಮಕ್ಕಳು ತಾವೇ ಕಂಡುಹಿಡಿಯುತ್ತಾರೆ, ನಾವು ವಿವರಿಸಬೇಕಾಗಿಯೇ ಇಲ್ಲ.

ಕನ್ನಡಿಗರು ಇಲ್ಲಿಗೆ ಬರಲೇಬೇಕು ಅನ್ನುವುದಕ್ಕೆ ನನ್ನ ದೊಡ್ಡ ಕಾರಣ ಬೇರೆ. ಇಲ್ಲಿನ 9ನೇ ಶತಮಾನದ ಶಾಸನಗಳಲ್ಲಿ ನಮ್ಮ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಹೆಸರಿದೆ. ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ಅವನ ಸಾಮಂತರು. ಮಳಖೇಡದಲ್ಲಿ ಕೂತ ಅರಸನ ಕಾಲದಲ್ಲಿ, ಅರಬ್ಬಿ ಕಡಲಿನ ಹತ್ತಿರದ ಈ ಬೆಟ್ಟದಲ್ಲಿ ಭಿಕ್ಷುಗಳಿಗೆ ದಾನ ಕೊಟ್ಟದ್ದನ್ನು ಕಲ್ಲಿನಲ್ಲಿ ಬರೆಸಿದ್ದಾರೆ. ಕಲಬುರಗಿಯಿಂದ ಬಂದ ನೆಂಟರೊಬ್ಬರು ಇದನ್ನು ಕೇಳಿ ಬಂಡೆಗೆ ಕೈ ಇಟ್ಟು ನಿಂತುಬಿಟ್ಟರು. ಇನ್ನೊಂದು ಗುಹೆಯಲ್ಲಿ 1009 ಮತ್ತು 1021ರಲ್ಲಿ ಬಂದುಹೋದ ಪಾರಸಿಗಳು ಪಹ್ಲವಿ ಲಿಪಿಯಲ್ಲಿ ಬರೆಸಿದ ತಮ್ಮ ಹೆಸರುಗಳೂ ಇವೆ. ಸಾವಿರ ವರ್ಷದ ಹಿಂದೆಯೇ ಇದು ಪ್ರವಾಸಿಗರ ಜಾಗ ಆಗಿತ್ತು ಅಲ್ವಾ?

ಕೊರತೆಗಳೂ ಇವೆ. ಒಳಗೆ ತಿನ್ನಲು ಹೇಳಿಕೊಳ್ಳುವಂಥದ್ದು ಸಿಗುವುದಿಲ್ಲ, ನೀರು ತೆಗೆದುಕೊಂಡು ಹೋಗಿ. ಕೋತಿಗಳು ಎರಡೂ ಕಡೆ ಇವೆ, ಕೈಯಲ್ಲಿ ತಿಂಡಿ ಪೊಟ್ಟಣ ಹಿಡಿದು ನಡೆಯಬೇಡಿ. ಬೇಸಿಗೆಯಲ್ಲಿ ಹತ್ತು ಗಂಟೆಯ ಮೇಲೆ ಬಂಡೆ ಕಾಯುತ್ತದೆ. ಮಳೆಗಾಲದಲ್ಲಿ ಮಾತ್ರ ಹೋಲಿಕೆಯೇ ಬೇಡ. ಎಲ್ಲ ಕಡೆ ಹಸಿರು, ಬೆಟ್ಟದ ಮೈಯೆಲ್ಲ ತೊರೆ, ಎರಡು ಸಾವಿರ ವರ್ಷದ ಕಾಲುವೆಗಳಲ್ಲಿ ನೀರು ಹರಿಯುವುದು ಕಣ್ಣಿಗೆ ಕಾಣುತ್ತದೆ. ಆದರೆ ಬಂಡೆ ಜಾರುತ್ತದೆ, ಹಿಡಿತ ಇರುವ ಚಪ್ಪಲಿಯೇ ಬೇಕು.

ಇನ್ನು ಹೊಟ್ಟೆಯ ವಿಷಯ. ಎಲಿಫೆಂಟಾ ದಾರಿಗೆ ಜೊತೆಯಾಗುವುದು ಇರಾನಿ ಹೋಟೆಲ್, ಇರಾನಿನಿಂದ ಬಂದವರು ಶುರುಮಾಡಿದ ಚಹಾ ಹೋಟೆಲ್. ನಾನು ಹೋಗುವುದು ಧೋಬಿ ತಲಾವ್‌ನ ಕ್ಯಾನಿಗೆ, 1904ರ ಹೋಟೆಲು ಅದು. ಮರದ ಹಳೆಯ ಕುರ್ಚಿ, ಚೌಕಳಿ ಬಟ್ಟೆಯ ಮೇಜು, ಗಾಜಿನ ಬರಣಿಗಳಲ್ಲಿ ಬಿಸ್ಕತ್ತು. ಗಟ್ಟಿ ಸಿಪ್ಪೆಯ ಬ್ರೂನ್ ಪಾವ್‌ಗೆ ಧಾರಾಳವಾಗಿ ಬೆಣ್ಣೆ ಸವರಿ ಕೊಡುತ್ತಾರೆ. ಅದನ್ನು ಚಹಾದಲ್ಲಿ ಅದ್ದಿ ತಿನ್ನಬೇಕು, ಒಣದಾಗಿ ಕಚ್ಚಿದರೆ ಅದರ ಗಮ್ಮತ್ತು ಗೊತ್ತಾಗುವುದಿಲ್ಲ. ಮಾಂಸ ತಿನ್ನುವವರಿಗೆ ಖೀಮಾ ಪಾವ್ ಇದೆ. ಪೂರ್ತಿ ಸಸ್ಯಾಹಾರಿಗಳಿಗೆ ಬನ್ ಮಸ್ಕಾ (ಬೆಣ್ಣೆ ಸವರಿದ ಬನ್) ಬಿಟ್ಟರೆ ಆಯ್ಕೆ ಕಡಿಮೆ. ಮಾವಾ ಕೇಕಿಗೆ ಮೊಟ್ಟೆ ಹಾಕಿರುತ್ತಾರೆ, ಮನೆಯ ಹಿರಿಯರಿಗೆ ಮೊದಲೇ ಹೇಳಿಬಿಡಿ. ಚಹಾಕ್ಕೆ ಮುಂಬೈಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಊಟಕ್ಕೆ ಇದು ಸಾಲದು.

ಊಟಕ್ಕೆ ಮಾಟುಂಗಾನೇ. "ಇಷ್ಟು ದೂರ ಬಂದು ಇಡ್ಲಿ ದೋಸೆ ತಿನ್ನೋದಾ?" ಎಂದು ನೆಂಟರು ಕೇಳುತ್ತಾರೆ. ಕೇಳಲಿ. ಕರಾವಳಿಯಿಂದ ಬಂದ ಹುಡುಗರು ಪಾತ್ರೆ ತೊಳೆದು, ಲೋಟ ಎತ್ತಿ, ರಾತ್ರಿಶಾಲೆಯಲ್ಲಿ ಓದಿ ಈ ಮಹಾನಗರಕ್ಕೆ ಊಟ ಹಾಕಿದ ಚರಿತ್ರೆಯೂ ಮುಂಬೈ ಚರಿತ್ರೆಯೇ, ಗೇಟ್‌ವೇಯಷ್ಟೇ. ಮಾಟುಂಗಾ ಸ್ಟೇಷನ್ ಪಕ್ಕ, ಮಹಡಿಯ ಮೇಲಿರುವ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದ್ದು. ಬಾಳೆಲೆ ಹಾಕಿ ಬಡಿಸುತ್ತಾರೆ. ಪಲ್ಯ, ಹುಳಿ, ಸಾರು, ಮಜ್ಜಿಗೆ, ಯಾವುದರಲ್ಲೂ ಆಡಂಬರ ಇಲ್ಲ. ಮನೆಯ ಸಾರಿನ ಹಾಗೆ ಹೊಟ್ಟೆಗೆ ತಂಪು. ಬೆಟ್ಟ ಹತ್ತಿ ಇಳಿದ ಮೇಲೆ ಈ ಎಲೆಯ ಮುಂದೆ ಕೂತ ನನ್ನ ಮಾವ ಮೂರನೇ ಸಲ ಅನ್ನ ಹಾಕಿಸಿಕೊಂಡದ್ದನ್ನು ಮನೆಯಲ್ಲಿ ಈಗಲೂ ಮಾತಾಡುತ್ತೇವೆ. ತಿಂಡಿಯೇ ಸಾಕು ಎನ್ನುವವರನ್ನು ಕಿಂಗ್ಸ್ ಸರ್ಕಲ್ ಹತ್ತಿರದ ಕೆಫೆ ಮದ್ರಾಸ್‌ಗೆ ಕರೆದೊಯ್ಯಿರಿ. ರಸಂ ಇಡ್ಲಿ, ರಾಗಿ ದೋಸೆ, ಕಾಫಿ. ಭಾನುವಾರ ಬಾಗಿಲಲ್ಲಿ ಹೆಸರು ಬರೆಸಿ ಕಾಯಬೇಕು. ಸಾಂಬಾರ್ ಮುಂಬೈ ರುಚಿಗೆ ಸ್ವಲ್ಪ ಸಿಹಿ ಎಂದು ಕೆಲವರಿಗೆ ಅನ್ನಿಸಬಹುದು. ರಸಂ ಮಾತ್ರ ಎಲ್ಲರೂ ಎರಡನೇ ಸಲ ಕೇಳುತ್ತಾರೆ.

ಊಟ ಮುಗಿದ ಮೇಲೆ ಸ್ಟೇಷನ್ ಹೊರಗಿನ ಹೂವಿನ ಸಾಲಿನಲ್ಲಿ ಮಲ್ಲಿಗೆ ಮಾಲೆ ಕೊಳ್ಳಿ. ಮೈಸೂರು ಅಸೋಸಿಯೇಷನ್ ಇದೇ ಮಾಟುಂಗಾದಲ್ಲಿದೆ. ಸಂಜೆ ನಾಟಕವೋ ಉಪನ್ಯಾಸವೋ ಇದ್ದರೆ ಅದೂ ಆಯಿತು.

ಬೋರಿವಲಿಯಿಂದ ಬರುವಾಗ ಸ್ಲೋ ಲೋಕಲ್ ಹಿಡಿದು ಮಾಟುಂಗಾ ರೋಡಿನಲ್ಲಿ ಇಳಿಯಿರಿ. ಫಾಸ್ಟ್ ಅಲ್ಲಿ ನಿಲ್ಲುವುದಿಲ್ಲ. ಉದ್ದನೆಯ ಪಾದಚಾರಿ ಸೇತುವೆ ದಾಟಿದರೆ ಪೂರ್ವದ ಮಾಟುಂಗಾ. ಊಟದ ಹೊತ್ತು ಮೀರುವ ಮೊದಲೇ ತಲುಪಬೇಕು, ಆದ್ದರಿಂದ ಕಾನ್ಹೇರಿಯಲ್ಲಿ ಬಾಗಿಲು ತೆಗೆಯುವ ಹೊತ್ತಿಗೇ ಇರಿ.

ಹೊಸದಾಗಿ ಮದುವೆಯಾದವರು, ಕಡಲನ್ನೇ ನೋಡದವರು, ಶಿಲ್ಪ ಓದಿದವರು ಬಂದರೆ ನಾನು ಈಗಲೂ ಎಲಿಫೆಂಟಾಕ್ಕೇ ಕಳಿಸುತ್ತೇನೆ, ಮೊದಲ ದೋಣಿಗೇ ಹೋಗಿ ಎಂದು ಹೇಳಿ. ಮಕ್ಕಳಿರುವ ಮನೆ, ಮಳೆಗಾಲ, ಮಂಡಿ ನೋವಿನವರು, ಸಸ್ಯಾಹಾರಿ ಹಿರಿಯರು ಎಂದರೆ ಕಾನ್ಹೇರಿ. ಬಿಡುವಿನ ದಿನ ಸೋಮವಾರ ಬಿದ್ದರೆ ಎರಡೂ ಮುಚ್ಚಿರುತ್ತವೆ. ಆವತ್ತು 1888ರಲ್ಲಿ ಕಟ್ಟಿ ಮುಗಿಸಿದ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ರೈಲು ನಿಲ್ದಾಣದಿಂದ ಶುರುಮಾಡಿ ಓವಲ್ ಮೈದಾನದವರೆಗೆ ನಡೆಯಿರಿ. ಮೈದಾನದ ಒಂದು ಬದಿಗೆ ಹೈಕೋರ್ಟ್, ರಾಜಾಬಾಯಿ ಗೋಪುರ, ಇನ್ನೊಂದು ಬದಿಗೆ 1930ರ ದಶಕದ ಆರ್ಟ್ ಡೆಕೊ ಮನೆಗಳು. ಮಧ್ಯಾಹ್ನ ಬ್ಯಾಲಾರ್ಡ್ ಎಸ್ಟೇಟ್‌ನ ಬ್ರಿಟಾನಿಯಾದಲ್ಲಿ ಬೆರ್ರಿ ಪುಲಾವ್ ತಿನ್ನಿ. ಅದು ಮಧ್ಯಾಹ್ನದ ಊಟಕ್ಕೆ ಮಾತ್ರ ತೆರೆದಿರುತ್ತದೆ, ತಡಮಾಡಬೇಡಿ.