ಐ ರಿಯಲ್ ಪ್ರೊ: ಜಾಝ್ ಕಲಿಯುವವರಿಗೆ ಜೇಬಿನಲ್ಲೇ ಪಕ್ಕವಾದ್ಯ

ತುಮಕೂರಿನಲ್ಲಿ ಕೀಬೋರ್ಡ್ ಕಲಿಸುವವರು ಸಿಗುತ್ತಾರೆ. ಜಾಝ್ ನುಡಿಸುವಾಗ ಜೊತೆಗೆ ಬಾಸ್ (ಕೆಳಸ್ವರ ನುಡಿಸುವ ತಂತಿವಾದ್ಯ), ಡ್ರಮ್ಸ್ ಹಿಡಿದು ಕೂರುವವರು ಸಿಗುವುದು ಕಷ್ಟ. ಅದಕ್ಕೆಂದೇ ವಾರವಾರ 70 ಕಿ.ಮೀ. ಬೆಂಗಳೂರಿಗೆ ಹೋಗಿಬರುವುದು ಆಗದ ಮಾತು. ಐ ರಿಯಲ್ ಪ್ರೊ ಆ್ಯಪ್ ಈ ಕೊರತೆ ನೀಗಿಸುತ್ತದೆ. ಹಾಡಿನ ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳನ್ನು, ಪರದೆಯಲ್ಲಿ ತೋರಿಸುತ್ತಾ ಪಿಯಾನೊ, ಬಾಸ್, ಡ್ರಮ್ಸ್ ನುಡಿಸುತ್ತದೆ. ನೆಟ್ ಇಲ್ಲದಿದ್ದರೂ ನಡೆಯುತ್ತದೆ.

ಮೊದಲು ಆ್ಯಪ್‌ನಲ್ಲಿ ಒಂದೊಂದು ವಾದ್ಯದ ಸದ್ದು ಹೊಂದಿಸುವ ಮಿಕ್ಸರ್‌ನಲ್ಲಿ ಪಿಯಾನೊ ಸದ್ದು ಪೂರ್ತಿ ಇಳಿಸಿ, ಇಲ್ಲದಿದ್ದರೆ ಅದಕ್ಕೂ ನಿಮ್ಮ ಎಡಗೈಗೂ ಗುದ್ದಾಟ. ಮೂಲಸ್ವರವನ್ನು ಬಾಸ್ ನೋಡಿಕೊಳ್ಳುವುದರಿಂದ ಎಡಗೈಗೆ ಪ್ರತಿ ಕಾರ್ಡ್‌ನಲ್ಲಿ ಮೂಲಸ್ವರದಿಂದ ಎಣಿಸಿದಾಗ ಬರುವ ಮೂರನೆಯ, ಏಳನೆಯ ಸ್ವರ ಎರಡೇ ಸಾಕು. ಡಿ ಮೈನರ್ 7, ಜಿ 7, ಸಿ ಮೇಜರ್ 7 ಎಂಬ ಸಾಲು ಜಾಝ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಸಿ ಮನೆಯನ್ನು ಷಡ್ಜ ಮಾಡಿಕೊಂಡರೆ ಎಡಗೈಯಲ್ಲಿ ಮ-ಸ, ಮ-ನಿ, ಗ-ನಿ. ಪ್ರತಿ ಸಲ ಒಂದು ಸ್ವರ ಮಾತ್ರ ಪಕ್ಕದ ಮನೆಗೆ ಇಳಿಯುತ್ತದೆ, ಅಷ್ಟೆ. ಮೊದಲ ಜೋಡಿಯ ಸ ಮಿಡಲ್ ಸಿ (ಕೀಬೋರ್ಡ್‌ನ ನಡುವಿನ ಸಿ) ಆಗಿರಲಿ. ಇನ್ನೊಂದು ಸ್ಥಾಯಿ ಕೆಳಗಿಟ್ಟರೆ ಸದ್ದು ಗೊಜ್ಜಾಗುತ್ತದೆ.

ಕರ್ನಾಟಕ ಸಂಗೀತ ಕಲಿತು ಬಂದವರು ಎಡವುವುದು ಬಲಗೈಯಲ್ಲಿ. ಮೂರೂ ಕಾರ್ಡ್‌ಗೆ ಶಂಕರಾಭರಣವನ್ನೇ ಮೇಲೆ ಕೆಳಗೆ ಓಡಿಸುತ್ತಾರೆ. ಸ್ವರ ತಪ್ಪಲ್ಲ, ಆದರೆ ಕಾರ್ಡ್ ಬದಲಾಯಿತೆಂದು ಕೇಳುವವರಿಗೆ ತಿಳಿಯುವುದೇ ಇಲ್ಲ. ಜಿ 7ರ ಮೊದಲ ಏಟಿಗೆ ನಿ, ಸಿ ಮೇಜರ್‌ನ ಮೊದಲ ಏಟಿಗೆ ಗ ಬರುವಂತೆ ನುಡಿಸಿ ನೋಡಿ, ಬಾಸ್ ನಿಲ್ಲಿಸಿದರೂ ಕಾರ್ಡ್ ಕೇಳುತ್ತದೆ.

ಶುರುವಿಗೆ ಎಫ್ ಶ್ರುತಿಯಲ್ಲಿ 12 ಬಾರ್‌ನ (ಬಾರ್ ಎಂದರೆ ತಾಳದ ಒಂದು ಆವರ್ತ) ಬ್ಲೂಸ್, ವೇಗ ನಿಮಿಷಕ್ಕೆ 80 ಏಟು. ಕೈ ತಡವರಿಸುವ ಬಾರ್‌ಗಳನ್ನಷ್ಟೇ ಲೂಪ್ ಮಾಡಿ, ಅಂದರೆ ಮತ್ತೆ ಮತ್ತೆ ಬರುವಂತೆ ಇಡಿ. ಪ್ರತಿ ಸುತ್ತಿಗೂ ವೇಗ ತಾನಾಗಿ ಏರುವ, ಶ್ರುತಿ ತಾನಾಗಿ ಬದಲಾಗುವ ಸೌಲಭ್ಯವೂ ಇದೆ. ಎರಡನ್ನೂ ಒಟ್ಟಿಗೆ ಹಚ್ಚಬೇಡಿ, ತಪ್ಪಿದ್ದೆಲ್ಲಿ ಎಂದೇ ಗೊತ್ತಾಗುವುದಿಲ್ಲ.

ಫೋನಿನ ಸ್ಪೀಕರ್ ಸಾಲದು. ಅಷ್ಟು ಚಿಕ್ಕ ಸ್ಪೀಕರ್‌ನಲ್ಲಿ ಬಾಸ್‌ನ ಕೆಳಸ್ವರ ಹೊರಡುವುದಿಲ್ಲ, ಬಾಸ್ ಕೇಳದಿದ್ದರೆ ಈ ಆ್ಯಪ್‌ಗೆ ಕೊಟ್ಟ ದುಡ್ಡು ದಂಡ. ಕೀಬೋರ್ಡ್‌ನಲ್ಲಿ ಆಡಿಯೊ ಇನ್ ಇದ್ದರೆ 3.5 ಎಂಎಂ ಕೇಬಲ್‌ನಿಂದ ಫೋನ್ ಜೋಡಿಸಿ.

ಕೊರತೆಗಳೂ ಇವೆ. ಹಾಡಿನ ಮಟ್ಟು ಇದರಲ್ಲಿಲ್ಲ, ಬರೀ ಕಾರ್ಡ್. ನೀವು ಜೋರು ಮಾಡಿದರೂ ಮೆಲ್ಲಗಾದರೂ ಡ್ರಮ್ಸ್‌ಗೆ ಪರಿವೆಯಿಲ್ಲ. ಸ್ವಿಂಗ್ ಎಂಬ ಜಾಝ್‌ನ ತೂಗಾಡುವ ಲಯ ಕಿವಿಗೆ ಹತ್ತಬೇಕಾದರೆ ಜಾಝ್ ಪಿಯಾನೊ ವಾದಕರಾದ ವಿಂಟನ್ ಕೆಲಿ, ರೆಡ್ ಗಾರ್ಲಂಡ್ ನುಡಿಸಿದ್ದನ್ನೇ ಕೇಳಬೇಕು. ಡೌನ್‌ಲೋಡ್ ಆಗುವ ಚಾರ್ಟ್‌ಗಳನ್ನು (ಹಾಡಿನ ಕಾರ್ಡ್‌ಗಳ ಪಟ್ಟಿ) ಬಳಕೆದಾರರೇ ಹಾಕಿರುವುದು, ಅಲ್ಲಲ್ಲಿ ಕಾರ್ಡ್ ತಪ್ಪಿರಬಹುದು. ಅನುಮಾನ ಬಂದರೆ ಮೂಲ ಧ್ವನಿಮುದ್ರಣದ ಬಾಸ್ ಕೇಳಿ ತಿದ್ದಿಕೊಳ್ಳಿ, ಆ್ಯಪ್‌ನಲ್ಲೇ ಬದಲಿಸಬಹುದು.