ಹಳೇ ಟ್ಯೂಬ್ ಸ್ಕ್ರೀಮರ್: ಟಿಎಸ್808 ಬೇಕಾ, ಟಿಎಸ್9 ಸಾಕಾ?

ಟ್ಯೂಬ್ ಸ್ಕ್ರೀಮರ್ ಅಂದರೆ ಎಲೆಕ್ಟ್ರಿಕ್ ಗಿಟಾರ್ ಸದ್ದನ್ನು ಒರಟಾಗಿಸುವ ಓವರ್‌ಡ್ರೈವ್ ಪೆಡಲ್. ಟಿಎಸ್808, ಟಿಎಸ್9 ಎರಡೂ ಹಸಿರು ಪೆಡಲ್‌ಗಳೇ. ಎರಡನ್ನೂ ಐಬನೆಜ್ ಬ್ರ್ಯಾಂಡ್ ಹೆಸರಿನಲ್ಲಿ ಮಾಡಿಕೊಟ್ಟದ್ದು ಜಪಾನಿನ ಮ್ಯಾಕ್ಸನ್ ಕಂಪನಿ. 808 ಬಂದದ್ದು 1970ರ ದಶಕದ ಕೊನೆಗೆ. 1982ರಲ್ಲಿ ಅದರ ಜಾಗಕ್ಕೆ ಟಿಎಸ್9 ಬಂತು.

ಒಳಗಿನ ಸರ್ಕ್ಯೂಟ್ ಹೆಚ್ಚುಕಡಿಮೆ ಒಂದೇ. ಮುಖ್ಯ ವ್ಯತ್ಯಾಸ ಔಟ್‌ಪುಟ್ ಕಡೆಯ ಎರಡು ರೆಸಿಸ್ಟರ್‌ಗಳದ್ದು: 808ರಲ್ಲಿ 100 ಓಮ್ ಮತ್ತು 10 ಕಿಲೋಓಮ್, ಟಿಎಸ್9ರಲ್ಲಿ 470 ಓಮ್ ಮತ್ತು 100 ಕಿಲೋಓಮ್. ನನ್ನ ಕಿವಿಗೆ 808 ಕೊಂಚ ಮೆತ್ತಗೆ, ಟಿಎಸ್9 ಕೊಂಚ ಚುರುಕು. ಬ್ಯಾಂಡ್ ಜೊತೆ ಜೋರಾಗಿ ನುಡಿಸುವಾಗ ಈ ವ್ಯತ್ಯಾಸ ಯಾರಿಗೆ ಕೇಳುತ್ತೆ ಹೇಳಿ?

ಎರಡೂ ಬೇಸ್ (ತಗ್ಗಿನ ಸ್ವರಗಳು) ಕತ್ತರಿಸಿ ಮಿಡ್ (ನಡುವಿನ ಸ್ವರಗಳು) ಎತ್ತುತ್ತವೆ. ಹಾಗಾಗಿ ಸದ್ದು ಒಡೆಯದ ಕ್ಲೀನ್ ಆಂಪ್‌ನಲ್ಲಿ ಸದ್ದು ತೆಳು ಅನ್ನಿಸಬಹುದು. ಆಗಲೇ ಸದ್ದು ಕೊಂಚ ಒಡೆಯುತ್ತಿರುವ ವಾಲ್ವ್ ಆಂಪ್‌ಗೆ ಹಾಕಿ, ಪೆಡಲ್‌ನ ಡ್ರೈವ್ (ಒರಟುತನ) ಇಳಿಸಿ, ಲೆವೆಲ್ (ಸದ್ದಿನ ಮಟ್ಟ) ಏರಿಸಿ. ಸೋಲೋ ಎದ್ದು ಬರುತ್ತೆ! ಅಮೆರಿಕದ ಬ್ಲೂಸ್ ಗಿಟಾರ್ ವಾದಕ ಸ್ಟೀವಿ ರೇ ವಾನ್ ಎರಡನ್ನೂ ಬಳಸಿದ್ದರು.

808ರ ಗುಂಡಿ ಚಿಕ್ಕದು, ಚೌಕ. ವೇದಿಕೆಯ ಕತ್ತಲಲ್ಲಿ ಕಾಲಿಗೆ ಸಿಗೋದು ಕಷ್ಟ. ಟಿಎಸ್9ರ ತುಳಿಯುವ ಅಗಲ ಪಟ್ಟಿ ಸಲೀಸು. ಆದರೆ ಹಳೇ ಟಿಎಸ್9ಗಳಲ್ಲಿ ಬೇರೆ ಬೇರೆ ಚಿಪ್ ಇರುತ್ತವೆ. ಕೊಳ್ಳುವ ಮೊದಲು ಪೆಡಲ್ ಬಿಚ್ಚಿಸಿ ನೋಡಿ. ಜೆಆರ್‌ಸಿ4558 ಅನ್ನೋ ಚಿಪ್ ಇದ್ದರೆ ಒಳ್ಳೆಯದು.

ನುಡಿಸೋಕೆ ಅಂದರೆ ಟಿಎಸ್9 ತಗೊಳ್ಳಿ. 808ರ ಜಾಸ್ತಿ ಬೆಲೆ ಸಂಗ್ರಹ ಮಾಡುವವರಿಗೆ ಸರಿ.